ಗಾಣದಿಂದ ಡಬ್ಬಿಗೆ: ಗಡಿನಾಡಿನ ಅಡುಗೆಯೆಣ್ಣೆಯ ಇತಿಹಾಸ

ಎಣ್ಣೆಯ ಇತಿಹಾಸದ ಮೊದಲ ಅಧ್ಯಾಯ ಆ ಮಾತಿನ ಹುಟ್ಟಿನಲ್ಲಿಯೇ ಅಡಗಿದೆ. ‘ಎಳ್’ ಮತ್ತು ‘ನೆಯ್’ ಎಂಬೆರಡು ಪದಗಳು ಕೂಡಿ ಎಣ್ಣೆಯಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಎಂದರೆ ಎಳ್ಳಿನ ನೆಯ್ಯೇ ಎಣ್ಣೆ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದುದು. ಎಳ್ಳೆಣ್ಣೆಯನ್ನು ಕನ್ನಡಿಗರು ಒಳ್ಳೆಣ್ಣೆ ಎಂದರೆ ತಮಿಳರು ನಲ್ಲೆಣ್ಣೈ ಎನ್ನುತ್ತಾರೆ, ಮಲಯಾಳಿಗಳು ನಲ್ಲೆಣ್ಣ ಎನ್ನುತ್ತಾರೆ. ಮೂರು ನುಡಿಗಳವರೂ ಒಂದೇ ಎಣ್ಣೆಯನ್ನು ‘ಒಳ್ಳೆಯದು’ ಎಂದು ಕರೆದುದು ಗಮನಾರ್ಹ. ಒಳ್ಳೆಯ ಎಣ್ಣೆ ಎಂದರೆ ಯಾವುದು ಎಂಬ ಪ್ರಶ್ನೆ ಇಂದಿಗೂ ಮನೆಮನೆಯಲ್ಲಿ ಉಂಟು. ಅದಕ್ಕೆ ಇತಿಹಾಸ ಕೊಡುವ ಉತ್ತರವೇನೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಕನ್ನಡ ಶಾಸನಗಳಲ್ಲಿ ಗಾಣದ ಮಾತು ಮತ್ತೆ ಮತ್ತೆ ಬರುತ್ತದೆ. ಗಾಣದೆರೆ ಎಂಬ ತೆರಿಗೆಯಿತ್ತು, ಎತ್ತುಗಾಣ, ಕೈಗಾಣ ಎಂಬ ಭೇದಗಳಿದ್ದುವು, ತೆಲ್ಲಿಗರ ಸಂಘಗಳಿದ್ದುವು. ದೇವಾಲಯದ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಅಥವಾ ಇಷ್ಟು ಮಾನ ಎಣ್ಣೆಯೆಂದು ದತ್ತಿ ಬಿಡುತ್ತಿದ್ದರು. ಇದರಿಂದ ತಿಳಿಯುವುದೇನೆಂದರೆ, ಎಣ್ಣೆ ದೂರದಿಂದ ಬರುವ ಸರಕಾಗಿರದೆ ಊರಿನಲ್ಲಿಯೇ ಆಗುವ ಪದಾರ್ಥವಾಗಿತ್ತು. ಬೀಜ ಹೊಲದ್ದು, ಗಾಣಿಗ ಪರಿಚಿತ, ಹಿಂಡಿ ದನದ ಪಾಲು. ಎಣ್ಣೆಯನ್ನು ತಿಂಗಳುಗಟ್ಟಲೆ ಕೂಡಿಡುವ ಅಗತ್ಯ ಅಷ್ಟಾಗಿ ಇರಲಿಲ್ಲ. ಅದು ಹೊಸದೋ ಹಳೆಯದೋ ಎಂಬುದನ್ನು ಮೂಗೇ ಹೇಳುತ್ತಿತ್ತು.

ನೆಲ ಬೇರೆಯಾದಂತೆ ಎಣ್ಣೆಯೂ ಬೇರೆಯಾಯಿತು. ಕಾಸರಗೋಡಿನಲ್ಲಿ ತೆಂಗಿನೆಣ್ಣೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಎರೆನೆಲದಲ್ಲಿ ಹಿಂಗಾರಿ ಜೋಳದೊಡನೆ ಬೆಳೆಯುವ ಕುಸುಬೆಯ ಎಣ್ಣೆ, ಹೊಸೂರಿನ ರಾಗಿ ಹೊಲಗಳ ಕಡೆ ಹುಚ್ಚೆಳ್ಳಿನ ಎಣ್ಣೆ, ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಕಡಲೆಕಾಯಿ ಎಣ್ಣೆ. 1953ರಲ್ಲಿ ಆಂಧ್ರ ರಾಜ್ಯವೂ 1956ರಲ್ಲಿ ಕೇರಳವೂ ರೂಪುಗೊಂಡಾಗ ಗಡಿರೇಖೆಗಳು ಬದಲಾದುವು. ಒಗ್ಗರಣೆಯ ವಾಸನೆ ಬದಲಾಗಲಿಲ್ಲ.

ಆದರೆ ಇವುಗಳಲ್ಲಿ ಕಡಲೆಕಾಯಿ ಹಳಬನಲ್ಲ. ಅದರ ತವರು ದಕ್ಷಿಣ ಅಮೇರಿಕ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತ್ಯದಲ್ಲಿ ಅದರ ಬೇಸಾಯ ಹಬ್ಬಿ, ಬೀಜ ಹಡಗೇರಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಹೋಗುತ್ತಿತ್ತು. ಎಣ್ಣೆಬೀಜ ಊರಿನ ಗಾಣವನ್ನು ಬಿಟ್ಟು ಪೇಟೆಯ ಸರಕಾಯಿತು. ಬಹುದೂರ ಸಾಗಬೇಕಾದ ಸರಕಿಗೆ ಬಹುಕಾಲ ಕೆಡದಿರುವ ಗುಣ ಬೇಕಷ್ಟೆ. 1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ದ್ರವರೂಪದ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಆ ದಾರಿಯಲ್ಲಿ ಹುಟ್ಟಿದ ವನಸ್ಪತಿ ನಮ್ಮ ದೇಶದಲ್ಲಿ 1937ರಿಂದ ಡಾಲ್ಡಾ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಅದು ತುಪ್ಪದಂತೆ ಕಂಡಿತು, ಬೇಗ ಕಮಟಾಗಲಿಲ್ಲ, ಬೆಲೆಯೂ ಕಡಿಮೆ.

ಕೆಡದಿರುವುದೇ ಬೇರೆ, ಹಿತವಾಗುವುದೇ ಬೇರೆ ಎಂಬುದು ತಿಳಿಯಲು ದಶಕಗಳೇ ಬೇಕಾದುವು. ಎಣ್ಣೆಯನ್ನು ಅರೆಬರೆಯಾಗಿ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ ಒಳ್ಳೆಯದನ್ನು ತಗ್ಗಿಸುತ್ತದೆಂಬುದು ಸಿದ್ಧವಾಯಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ನೂರಕ್ಕೆ 3ಕ್ಕೂ 2022ರಲ್ಲಿ 2ಕ್ಕೂ ಇಳಿಸಿತು.

ಈ ವಿವೇಚನೆ ನಮ್ಮ ಗಡಿನಾಡಿನ ಎಣ್ಣೆಗಳಿಗೂ ಅನ್ವಯಿಸುತ್ತದೆ. ತೆಂಗಿನೆಣ್ಣೆಯಲ್ಲಿ ಸುಮಾರು ನೂರಕ್ಕೆ 90 ಭಾಗ ಪರ್ಯಾಪ್ತ ಕೊಬ್ಬು. ಆದುದರಿಂದ ಅದು ಬೇಗ ಕೆಡುವುದಿಲ್ಲ, ಆದರೆ ಅಳತೆ ಮೀರಬಾರದು. ಕುಸುಬೆಯ ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಸುಮಾರು ನೂರಕ್ಕೆ 75 ಭಾಗ ಲಿನೋಲಿಕ್ ಆಮ್ಲ. ಅದು ಕೊಲೆಸ್ಟರಾಲನ್ನು ತಗ್ಗಿಸಲು ನೆರವಾದರೂ ಗಾಳಿ ಬೆಳಕುಗಳಿಗೆ ಬೇಗ ಕಮಟಾಗುತ್ತದೆ, ಮತ್ತೆ ಮತ್ತೆ ಕಾಯಿಸಲು ತಕ್ಕುದಲ್ಲ. ಎಳ್ಳೆಣ್ಣೆಯಲ್ಲಿ ಕೆಡುವುದನ್ನು ತಡೆಯುವ ಸಹಜ ದ್ರವ್ಯಗಳಿವೆ. ಹಿರಿಯರು ಅದನ್ನು ಒಳ್ಳೆಣ್ಣೆ ಎಂದುದಕ್ಕೆ ಇದೂ ಒಂದು ಕಾರಣವಿದ್ದೀತು. ತಮ್ಮ ಸೀಮೆಯ ಎಣ್ಣೆಯೇ ಸರ್ವೋತ್ತಮವೆಂಬ ಅಭಿಮಾನಕ್ಕೆ ಇಲ್ಲಿ ಅವಕಾಶವಿಲ್ಲ. ಒಂದಕ್ಕಿಂತ ಹೆಚ್ಚು ಬಗೆಯ ಎಣ್ಣೆಯನ್ನು ಮಿತವಾಗಿ ಬಳಸಬೇಕೆಂಬ ಪೌಷ್ಟಿಕತಜ್ಞರ ಸಲಹೆ ಯುಕ್ತವಾದುದು.

ಶುದ್ಧೀಕರಿಸಿದ ಎಣ್ಣೆ ಬಂದ ಮೇಲೆ ಮೂಗಿನ ಅಧಿಕಾರ ಕುಗ್ಗಿತು. ಕಾರ್ಖಾನೆಯಲ್ಲಿ ಕ್ಷಾರದಿಂದ ಆಮ್ಲವನ್ನೂ ಜೇಡಿಯಿಂದ ಬಣ್ಣವನ್ನೂ ಬಿಸಿಯಾದ ಉಗಿಯಿಂದ ವಾಸನೆಯನ್ನೂ ತೆಗೆಯುತ್ತಾರೆ. ಮೂಗು ಹೇಳುತ್ತಿದ್ದುದನ್ನು ಈಗ ಡಬ್ಬಿಯ ಮೇಲಿನ ತಾರೀಖು ಹೇಳಬೇಕು. ಇತ್ತೀಚೆಗೆ ಮರದ ಗಾಣಗಳು ಪೇಟೆಗಳಲ್ಲಿ ಮತ್ತೆ ತಿರುಗುತ್ತಿರುವುದು ಸಂತೋಷದ ಸಂಗತಿ. ಆದರೆ ಗಾಣವೆಂಬ ಹೆಸರೊಂದೇ ಪ್ರಮಾಣವಲ್ಲ. ಬೂಷ್ಟು ಹಿಡಿದ ಬೀಜವನ್ನು ಎಂತಹ ಗಾಣಕ್ಕೆ ಹಾಕಿದರೂ ಎಣ್ಣೆ ಚೊಕ್ಕವಾಗದು. ಹಿಂಡಿದ ದಿನವನ್ನು ಕೇಳಿ, ಬೀಜವನ್ನು ನೋಡಿ, ತಿಂಗಳಿಗೆ ಸಾಲುವಷ್ಟನ್ನೇ ತಂದು, ಬಾಯಿ ಬಿಗಿದು ಕತ್ತಲೆಯ ತಂಪಿನಲ್ಲಿಡುವುದು ಲೇಸು. ಕರಿದು ಕಪ್ಪಾದ ಎಣ್ಣೆಗೆ ಹೊಸದನ್ನು ಬೆರೆಸುವ ಪದ್ಧತಿಯನ್ನು ಬಿಡಬೇಕು.

ಅಧ್ಯಾಪಕ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಒಂದೇ ಬೀಜವನ್ನು ನಮ್ಮವರೇ ಕಡಲೆಕಾಯಿ, ಶೇಂಗಾ, ನೆಲಗಡಲೆ ಎಂದು ಮೂರು ಬಗೆಯಾಗಿ ಕರೆಯುತ್ತಾರೆ. ಗಾಣದ ಅಂಗಾಂಗಗಳಿಗೂ ಎಣ್ಣೆಯ ಅಳತೆಗಳಿಗೂ ಊರೂರಿಗೆ ಹೆಸರುಗಳುಂಟು. ಗಾಣ ಆಡಿಸಿದ ಕೊನೆಯ ತಲೆಮಾರಿನವರು ವೃದ್ಧರಾಗಿದ್ದಾರೆ. ಅವರ ಮಾತುಗಳನ್ನು ಮಕ್ಕಳಿಂದ ಬರೆಯಿಸಿಟ್ಟರೆ ನಿಘಂಟಿಗೂ ಇತಿಹಾಸಕ್ಕೂ ಉಪಕಾರ. ಅದರೊಡನೆ ಹೊಸ ಎಣ್ಣೆಯನ್ನೂ ಕಮಟು ಎಣ್ಣೆಯನ್ನೂ ಮೂಸಿ ಗುರುತಿಸಲು ಕಲಿಸಿದರೆ ಅವರ ಆರೋಗ್ಯಕ್ಕೂ ಉಪಕಾರ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಎಂದು ಗಾದೆ ಹೇಳುತ್ತದೆ. ಡಬ್ಬಿ ಬಂದಾಗಲಾದರೂ ನಮ್ಮ ಮಕ್ಕಳು ಕಣ್ಣು ತೆರೆದಿರಲಿ.