ಟ್ಯಾಕ್ಸಿ ಉಳಿಸಿದ ಡೈನಮೋ

1953ರ ಒಂದು ಶೆವರ್ಲೆ, ಅದೇ ವರ್ಷದ ಒಂದು ಮಾರಿಸ್ ಮೈನರ್. ಎರಡರ ಡೈನಮೋವೂ ಕೆಟ್ಟಿದೆ ಎಂದುಕೊಳ್ಳಿ. ಮಾರಿಸ್‌ಗೆ ಬೇಕಾದದ್ದು ಚೆನ್ನೈನ ಪುದುಪೇಟೆಯಲ್ಲೋ ದೆಹಲಿಯ ಕಾಶ್ಮೀರಿ ಗೇಟಿನಲ್ಲೋ ಹುಡುಕಿದರೆ ಸಿಕ್ಕೀತು ಎಂಬ ಆಸೆಯಾದರೂ ಇರುತ್ತದೆ. ಶೆವರ್ಲೆಗೆ ಅಮೆರಿಕದ ಕಡೆಗೇ ನೋಡಬೇಕು. ಎರಡಕ್ಕೂ ಒಂದೇ ವಯಸ್ಸು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಸ್ವಾತಂತ್ರ್ಯ ಬಂದ ಹೊತ್ತಿಗೆ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ನಮ್ಮಲ್ಲಿ ಕಾರು ತಯಾರಿಸುತ್ತಿರಲಿಲ್ಲ, ಹೊರಗಿನಿಂದ ತಂದ ಭಾಗಗಳನ್ನು ಜೋಡಿಸುತ್ತಿದ್ದವು. ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟಾರ್ಸ್ 1928ರಿಂದ ಮಾಡುತ್ತಿದ್ದುದೂ ಇದನ್ನೇ. 1953ರಲ್ಲಿ ಸುಂಕ ಆಯೋಗದ ವರದಿಯ ಮೇಲೆ ಸರ್ಕಾರ ಒಂದು ತೀರ್ಮಾನಕ್ಕೆ ಬಂತು: ಹಂತಹಂತವಾಗಿ ಇಲ್ಲೇ ತಯಾರಿಸುವ ಯೋಜನೆ ಇಲ್ಲದವರಿಗೆ ಇಲ್ಲಿ ಜಾಗವಿಲ್ಲ. ಎರಡೂ ಕಂಪನಿಗಳು ಹೊರಟವು. ಅವು ಬಿಟ್ಟುಹೋದ ಶೆವರ್ಲೆಗಳು 6 ವೋಲ್ಟಿನವು. ಆ ಕಾರು 12 ವೋಲ್ಟಿಗೆ ಬಂದದ್ದೇ 1955ರ ಮಾಡೆಲ್‌ನಲ್ಲಿ. ಹೀಗೆ ಅವು ಇಲ್ಲಿ ನೆಂಟರಿಲ್ಲದ ಕಾರುಗಳಾದವು.

ಬ್ರಿಟಿಷ್ ಕಾರುಗಳ ಕಥೆ ಬೇರೆ. ಅವುಗಳ ವಿದ್ಯುತ್ ಭಾಗಗಳ ಬಹುಪಾಲು ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯದು. ಮಾರಿಸ್, ಆಸ್ಟಿನ್, ಎಂಜಿ ಎಂದು ಹೆಸರು ಬೇರೆಬೇರೆಯಾದರೂ ಒಳಗೆ ಅದೇ ಸಿ39 ಅಥವಾ ಸಿ40 ಡೈನಮೋ. ಅದರ ಮೈಮೇಲೆ ಮಾಡೆಲ್, ಪಾರ್ಟ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ ಎಲ್ಲವನ್ನೂ ಕೊರೆದಿರುತ್ತಾರೆ. 1961ರಲ್ಲಿ ಇದೇ ಲೂಕಾಸ್ ಟಿವಿಎಸ್ ಜೊತೆ ಸೇರಿತು. ಅವರ ಕಾರ್ಖಾನೆ ಬಂದದ್ದು ಚೆನ್ನೈನ ಪಾಡಿಯಲ್ಲಿ. ಮಾರಿಸ್ ಆಕ್ಸ್‌ಫರ್ಡ್‌ನ ರೂಪವನ್ನೇ ಹೊತ್ತ ಅಂಬಾಸಿಡರ್ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಇಂಗ್ಲೆಂಡಿನಲ್ಲಿ ಮರೆತುಹೋದ ಮಾಡೆಲ್‌ಗೆ ಇಲ್ಲಿ ಹೊಸ ಬಿಡಿಭಾಗ ಸಿಗುತ್ತಲೇ ಇತ್ತು. ಹಳೆಯ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ಕುಟುಂಬಕ್ಕೇ ಸೇರಿದ್ದು.

ಆ ಬಿಡಿಭಾಗಗಳನ್ನು ದಿನವೂ ಕೊಳ್ಳುತ್ತಿದ್ದವರು ಯಾರು? ವಿಂಟೇಜ್ ಕಾರಿನ ಮಾಲೀಕರಲ್ಲ. ಅವರು ಬೆರಳೆಣಿಕೆಯಷ್ಟು, ವರ್ಷಕ್ಕೊಮ್ಮೆ ಬರುವವರು. ಕೊಳ್ಳುತ್ತಿದ್ದವರು ಟ್ಯಾಕ್ಸಿಯವರು. ಕೋಲ್ಕತ್ತದ ಅಂಬಾಸಿಡರ್, ಮುಂಬಯಿಯ ಪದ್ಮಿನಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಆ ದಿನದ ಸಂಪಾದನೆ ಇಲ್ಲ. ಅವರ ಅವಸರವೇ ಅಂಗಡಿಯ ಕಪಾಟನ್ನು ತುಂಬಿಸಿಟ್ಟಿತು. ಶ್ರೀಮಂತರ ಹವ್ಯಾಸದ ಕಾರುಗಳು ಓಡಿದ್ದು ಈ ದುಡಿಮೆಯ ನೆರಳಲ್ಲಿ.

ಅಂಗಡಿಯ ಭಾಷೆಯೂ ಅವರದೇ. ಇಂಗ್ಲಿಷ್ ಕ್ಯಾಟಲಾಗಿನಲ್ಲಿ ‘ಸ್ಟಾರ್ಟರ್ ಮೋಟರ್’ ಎಂದಿದ್ದರೆ ಇಲ್ಲಿ ‘ಸೆಲ್ಫ್’ ಎಂದು ಕೇಳಬೇಕು. ಹ್ಯಾಂಡಲ್ ತಿರುಗಿಸುವ ಕಾಲ ಮುಗಿಸಿದ ‘ಸೆಲ್ಫ್ ಸ್ಟಾರ್ಟರ್’ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಅದರ ಹಿಂದೆ ಇದ್ದದ್ದು ಚಾರ್ಲ್ಸ್ ಕೆಟರಿಂಗ್ ಅವರ ಡೆಲ್ಕೊ ಕಂಪನಿ. ಸ್ಟಾರ್ಟರ್ ಉದುರಿ ‘ಸೆಲ್ಫ್’ ಉಳಿಯಿತು. ಎಷ್ಟೋ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರಿಗೆ ಈಗಲೂ ‘ಡೆಲ್ಕೊ’ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲೂ ಅದಕ್ಕೆ ಇದೇ ಹೆಸರು. ನಂಬರ್ ಮತ್ತು ಹೆಸರು ಎರಡೂ ಗೊತ್ತಿದ್ದವರಿಗೆ ಪಾರ್ಟ್ ಬೇಗ ಸಿಗುತ್ತದೆ.

ಸಿಕ್ಕಿದರೂ ಒಂದು ಎಚ್ಚರ ಬೇಕು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಅರ್ತ್ ಮಾಡುತ್ತಿದ್ದರು. ಡೈನಮೋ ಇದನ್ನು ಸಹಿಸುತ್ತದೆ: ಜೋಡಿಸುವ ಮುಂಚೆ ಬ್ಯಾಟರಿಯ ಇನ್ನೊಂದು ತುದಿಯ ತಂತಿಯನ್ನು ಅದರ ಎಫ್ ಟರ್ಮಿನಲ್ಲಿಗೆ ಕ್ಷಣಮಾತ್ರ ತಾಗಿಸಿದರೆ ಸರಿಯಾದ ದಿಕ್ಕು ಹಿಡಿಯುತ್ತದೆ. ಮೈನಸ್ ಅರ್ತ್‌ಗೆಂದು ಮಾಡಿದ ಆಲ್ಟರ್ನೇಟರನ್ನು ಹಾಗೆಯೇ ಹಾಕಿದರೆ ಡಯೋಡುಗಳು ಸುಟ್ಟುಹೋಗುತ್ತವೆ.

ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ನಿಂತಿತು. ಸುದ್ದಿಯಲ್ಲಿ ಬಂದದ್ದು ಕಾರಿನ ನೆನಪು ಮಾತ್ರ. ಅದರ ಜೊತೆಗೆ ಒಂದು ಮಾರುಕಟ್ಟೆಯ ಕಾಯಂ ಗಿರಾಕಿಯೂ ಹೋದ. ಇನ್ನು ಉಳಿದ ದಾರಿ ರಿವೈಂಡಿಂಗ್ ಅಂಗಡಿ. ಆರ್ಮೇಚರಿಗೆ ಹೊಸ ತಾಮ್ರದ ತಂತಿ ಸುತ್ತಿ, ಕಮ್ಯುಟೇಟರನ್ನು ಲೇತಿಗೆ ಕೊಟ್ಟು ನಯಮಾಡಿ, ಬೇರೆ ಅಳತೆಯ ಕಾರ್ಬನ್ ಬ್ರಷ್ಷನ್ನು ಉಜ್ಜಿ ಕೂರಿಸುವವರು ಅಲ್ಲಿದ್ದಾರೆ. ಅವರ ನಿತ್ಯದ ಅನ್ನ ನೀರಿನ ಪಂಪಿನ ಮೋಟರು.

ಹಾಗಾಗಿ ಹಳೆಯ ಡೈನಮೋ ಕೆಟ್ಟಿದೆಯೆಂದು ಗುಜರಿಗೆ ಹಾಕಬೇಡಿ. ಕಬ್ಬಿಣದ ತೂಕಕ್ಕೆ ಬರುವ ದುಡ್ಡು ಅಷ್ಟರಲ್ಲೇ ಇದೆ. ಮೈಮೇಲಿನ ನಂಬರ್ ಬರೆದಿಟ್ಟುಕೊಂಡು, ಅದನ್ನು ರಿವೈಂಡಿಂಗ್ ಅಂಗಡಿಗೆ ಒಯ್ಯಿರಿ.