ಕೆಂಗಣ್ಣಿನ ಚರಿತ್ರೆ: ‘ಮದ್ರಾಸ್ ಐ’ ಹೆಸರು ಹೆಂಗ ಬಂತು?
ಕಲಬುರಗಿ–ಕಮಲಾಪುರ ಬಸ್ಸಿನಾಗ ಕಪ್ಪು ಕನ್ನಡಕದವರು ಬಾಜೂಕ ಕುಂತ್ರ ನೀವು ಮುಖ ತಿರುಗಿಸ್ತೀರಿ, ಹೌದಲ್ರಿ? ನೋಡಿದ್ರ ಕಣ್ಣುಬ್ಯಾನಿ ಬರಂಗಿಲ್ಲ.

1918ರಲ್ಲಿ ಮದ್ರಾಸಿನ ಎಗ್ಮೋರ್ ಕಣ್ಣಾಸ್ಪತ್ರೆಯಲ್ಲಿ ಈ ಬೇನೆಯನ್ನು ಗುರುತಿಸಿದರು. ಊರಿನ ಹೆಸರೇ ಅಂಟಿತು. ಇದನ್ನು ತರುವ ಅಡೆನೋವೈರಸ್ ಗುಂಪು ಪತ್ತೆಯಾದದ್ದು 1953ರಲ್ಲಿ. 35 ವರ್ಷ ಹೆಸರಿತ್ತು, ಕಾರಣ ಗೊತ್ತಿರಲಿಲ್ಲ. ನೋಟದ ಮ್ಯಾಲಿನ ಅನುಮಾನ ಮಾತ್ರ ಇನ್ನೂ ಹೋಗಿಲ್ಲ!

ಹರಡೋದು ಕೈ, ಟವೆಲ್, ದಿಂಬಿನಿಂದ. ವೈರಸ್ಸಿಗೆ ಆಂಟಿಬಯಾಟಿಕ್ ನಾಟಂಗಿಲ್ಲ. ಸಾಮಾನ್ಯವಾಗಿ ಒಂದೆರಡು ವಾರದಾಗ ತಾನೇ ಇಳೀತದ. ಕೈ ತೊಳೀರಿ, ತಣ್ಣೀರಿನ ಬಟ್ಟೆ ಇಡ್ರಿ. ಡಾಕ್ಟರ್ ಹೇಳದೆ ಸ್ಟೀರಾಯ್ಡ್ ಹನಿ ಹಾಕಬ್ಯಾಡ್ರಿ: ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು.

ಎಲ್ಲಾ ಕೆಂಗಣ್ಣೂ ‘ಮದ್ರಾಸ್ ಐ’ ಅಲ್ಲ. ನೋವು ಹೆಚ್ಚಾದ್ರ, ಬೆಳಕು ಚುಚ್ಚಿದ್ರ, ನೋಟ ಮಂಜಾದ್ರ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗ್ರಿ.