ಚಿತ್ರಕರ್ತ್ರಿ ಜೂಡಿತ್ ಲೇಸ್ಟರ್



ವಚನಗಳನ್ನು ಓದಿ ಬಲ್ಲ ನಮಗೆ ಅಂಕಿತವೆಂಬುದು ಹೊಸ ಮಾತಲ್ಲ. ವಚನದ ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನನ ಹೆಸರು ಬಂದೊಡನೆ ಅದು ಅಕ್ಕಮಹಾದೇವಿಯ ಮಾತೆಂದು ಗುರುತಿಸುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಬೀದರ ಸೀಮೆಯ ಕಲ್ಯಾಣದಲ್ಲಿ ನೆರೆದ ಶರಣೆಯರಲ್ಲಿ ಎಷ್ಟೋ ಮಂದಿಯ ಮಾತು ಅವರವರದಾಗಿಯೇ ಉಳಿದು ಬಂದಿರುವುದಕ್ಕೆ ಈ ಪುಟ್ಟ ಗುರುತೇ ಮುಖ್ಯ ಕಾರಣ. ಅದನ್ನು ತೆಗೆದು ಬೇರೊಬ್ಬರ ಅಂಕಿತವನ್ನು ಸೇರಿಸಿದ್ದರೆ ಮಾತು ಉಳಿಯುತ್ತಿತ್ತು; ಆಡಿದವಳು ಉಳಿಯುತ್ತಿರಲಿಲ್ಲ. ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿದ್ದ ಒಬ್ಬ ಚಿತ್ರಕರ್ತ್ರಿಗೆ ಇಂಥದೇ ಗತಿ ಒದಗಿತು. ಆಕೆಯ ಹೆಸರು ಜೂಡಿತ್ ಲೇಸ್ಟರ್. ಆಕೆ ತೀರಿಕೊಂಡ ಮೇಲೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಆಕೆಯ ಚಿತ್ರಗಳನ್ನು ಜನರು ಮೆಚ್ಚಿ ಕೊಂಡರು, ಗೋಡೆಗೆ ತೂಗುಹಾಕಿದರು. ಬರೆದವಳು ಒಬ್ಬಳಿದ್ದಳೆಂಬುದನ್ನೇ ಮರೆತರು.

ಆಕೆಯ ಊರಾದ ಹಾರ್ಲೆಮ್ ನಗರಕ್ಕೂ ನಮ್ಮ ದಖ್ಖನಿಗೂ ಒಂದು ಸಣ್ಣ ನಂಟು ಉಂಟು. ಅದೇ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರನು ಸುಮಾರು 1610ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ನಿಂತನು. 1619ರಲ್ಲಿ ಬರೀದಶಾಹಿ ಮನೆತನವನ್ನು ಕೊನೆಗಾಣಿಸಿ ಬೀದರನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡವನು ಈ ಇಬ್ರಾಹಿಮನೇ. ಹೇಡಾನ ಹೆಸರು ಕಾಗದಪತ್ರಗಳಲ್ಲಿ ಭದ್ರವಾಗಿದೆ; ಬಿಜಾಪುರದಲ್ಲಿ ಅವನು ಬರೆದ ಚಿತ್ರಗಳಲ್ಲಿ ಖಂಡಿತವಾಗಿ ಅವನದೆನ್ನಬಹುದಾದದ್ದು ಉಳಿದಿಲ್ಲ. ಜೂಡಿತಳ ವಿಷಯ ಇದಕ್ಕೆ ನೇರ ವಿರುದ್ಧ. ಚಿತ್ರಗಳು ಉಳಿದುವು, ಹೆಸರು ಹೋಯಿತು.

ಹೇಡಾ ಬಿಜಾಪುರಕ್ಕೆ ಬರುವ ಹೊತ್ತಿಗೆ ಜೂಡಿತ್ ಇನ್ನೂ ಹಸುಗೂಸು. 1609ನೆಯ ಜುಲೈ 28ರಂದು ಆಕೆಗೆ ಹಾರ್ಲೆಮ್ಮಿನ ಇಗರ್ಜಿಯಲ್ಲಿ ನಾಮಕರಣವಾಯಿತು. ಆಕೆ ಎಂಟನೆಯ ಮಗು. ತಂದೆ ಬಟ್ಟೆ ನೇಯುವವನಾಗಿದ್ದು ಆಮೇಲೆ ಬೀರು ಕಾಸುವ ಉದ್ಯೋಗವನ್ನು ಕೈಕೊಂಡನು. ಆ ಭಟ್ಟಿಯ ಮನೆಯ ಹೆಸರೇ ‘ಲೇಸ್ಟರ್’. ದಾರಿ ತೋರಿಸುವ ತಾರೆ, ಎಂದರೆ ಧ್ರುವನಕ್ಷತ್ರವೆಂದು ಅದರ ಅರ್ಥ. ಕುಟುಂಬವು ಅದನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡಿತು. 1625ರ ಸುಮಾರಿಗೆ ತಂದೆಯು ಸಾಲದಲ್ಲಿ ಮುಳುಗಿ ದಿವಾಳಿಯಾದನು. ಆ ಕಾಲದ ಸ್ತ್ರೀ ಚಿತ್ರಕಾರರಲ್ಲಿ ಹೆಚ್ಚಿನವರು ಚಿತ್ರಕಾರರ ಮಕ್ಕಳು. ಅಪ್ಪನ ಮನೆಯಲ್ಲಿಯೇ ಕುಂಚ ಹಿಡಿದವರು. ಜೂಡಿತಳಿಗೆ ಆ ಅನುಕೂಲವಿರಲಿಲ್ಲ. ಆದರೂ 1628ರಲ್ಲಿ ಸಾಮ್ಯುಯೆಲ್ ಆಂಪ್‌ಸಿಂಗ್ ಎಂಬ ಕವಿಯು ಹಾರ್ಲೆಮ್ ನಗರವನ್ನು ವರ್ಣಿಸಿ ಬರೆದ ಗ್ರಂಥದಲ್ಲಿ ಆಕೆಯ ಹೆಸರನ್ನು ಮೆಚ್ಚಿ ಹೇಳಿದ್ದಾನೆ. ಆಗ ಆಕೆಗೆ ಇಪ್ಪತ್ತು ತುಂಬಿರಲಿಲ್ಲ.

ಹಾಲೆಂಡು ಆಗ ಸ್ಪೇನಿನ ಅರಸನ ಅಧಿಕಾರವನ್ನು ಕಿತ್ತೊಗೆದು ವ್ಯಾಪಾರದಿಂದ ಏಳಿಗೆ ಹೊಂದುತ್ತಿದ್ದ ನಾಡು. ಪ್ರಾಟೆಸ್ಟೆಂಟ್ ಮತದ ಇಗರ್ಜಿಗಳಿಗೆ ಚಿತ್ರ ಬೇಕಿರಲಿಲ್ಲ. ಆಸ್ಥಾನದ ಆಶ್ರಯವೂ ಅಲ್ಪ. ಚಿತ್ರಗಳನ್ನು ಕೊಳ್ಳುತ್ತಿದ್ದವರು ವರ್ತಕರು, ಕಸಬುದಾರರು. ಅವರು ತಮ್ಮ ಮನೆಯ ಗೋಡೆಗೆ ತಮ್ಮಂಥವರ ಬಾಳನ್ನೇ ಬಯಸಿದರು. ಕುಡಿಯುವವರು, ಹಾಡುವವರು, ಹೊಲಿಯುವ ಹೆಂಗಸರು, ಬೆಕ್ಕಿನೊಡನೆ ಆಡುವ ಮಕ್ಕಳು, ಹೀಗೆ ನಿತ್ಯಜೀವನದ ಚಿತ್ರಗಳಿಗೆ ಅಲ್ಲಿ ಬೆಲೆ ಬಂದಿತು. ಈ ಬಗೆಯಲ್ಲಿ ಜೂಡಿತ್ ಪಳಗಿದಳು. ತನ್ನ ಚಿತ್ರಗಳ ಮೇಲೆ ಆಕೆ ಹಾಕುತ್ತಿದ್ದ ಅಂಕಿತ ಜೆ ಮತ್ತು ಎಲ್ ಅಕ್ಷರಗಳ ಒಂದು ಕೂಡಕ್ಷರ. ಅದರ ಮಗ್ಗುಲಲ್ಲಿ ಮನೆತನದ ಹೆಸರನ್ನು ಸೂಚಿಸುವ ಒಂದು ನಕ್ಷತ್ರ.

ಊರಿನಲ್ಲಿ ಚಿತ್ರಶಾಲೆಯನ್ನು ನಡೆಸಿ ಶಿಷ್ಯರನ್ನು ಇಟ್ಟುಕೊಳ್ಳಬೇಕಾದರೆ ಸಂತ ಲ್ಯೂಕನ ಸಂಘಕ್ಕೆ ಸೇರಬೇಕಾಗಿತ್ತು. ಅದು ನಮ್ಮ ಪೂರ್ವಕಾಲದ ಶ್ರೇಣಿಯಂಥ ಕಸಬುದಾರರ ಕೂಟ. 1633ರಲ್ಲಿ ಜೂಡಿತ್ ಅದರ ಸದಸ್ಯೆಯಾದಳು. 1635ರ ಒಂದು ವ್ಯಾಜ್ಯದಿಂದ ಆಕೆಯ ಸ್ವಭಾವ ತಿಳಿಯುತ್ತದೆ. ಆಕೆಯಲ್ಲಿ ಕಲಿಯಲು ಬಂದ ಹುಡುಗನೊಬ್ಬನು ಕೆಲವೇ ದಿನಗಳಲ್ಲಿ ಅವಳನ್ನು ಬಿಟ್ಟು, ಊರಿನ ಪ್ರಖ್ಯಾತ ಚಿತ್ರಕಾರನಾದ ಫ್ರಾನ್ಸ್ ಹಾಲ್ಸನ ಚಿತ್ರಶಾಲೆಗೆ ಹೋದನು. ಹಾಲ್ಸನೆಂದರೆ ಅಂದಿನ ಹಾರ್ಲೆಮ್ಮಿಗೆ ದೊಡ್ಡ ಹೆಸರು. ಇಪ್ಪತ್ತಾರು ವರ್ಷದ ಹೆಂಗಸು ಅವನ ಮೇಲೆ ದೂರು ಕೊಡುವುದಕ್ಕೆ ಹಿಂಜರಿಯಲಿಲ್ಲ. ಸಂಘದವರು ವಿಚಾರಿಸಿ, ಹುಡುಗನ ತಾಯಿಯಿಂದ ಆಕೆಗೆ ಹಣ ಕೊಡಿಸಿದರು. ಹಾಲ್ಸನಿಗೆ ದಂಡ ಹಾಕಿದರು. ಶಿಷ್ಯನ ಹೆಸರನ್ನು ನೋಂದಿಸಿರಲಿಲ್ಲವೆಂದು ಆಕೆಗೂ ದಂಡ ಹಾಕಿದರು. ಅಂದು ಆಕೆಯಿಂದ ಶಿಷ್ಯನನ್ನು ಸೆಳೆದುಕೊಂಡ ಹೆಸರೇ ಮುಂದೆ ಆಕೆಯ ಚಿತ್ರಗಳನ್ನೂ ನುಂಗಲಿತ್ತು.

ಆಕೆಯ ದೃಷ್ಟಿ ಎಂಥದೆಂಬುದಕ್ಕೆ ಒಂದು ಚಿತ್ರ ಸಾಕು. 1631ರಲ್ಲಿ ಬರೆದ ಅದು ಹೇಗ್ ನಗರದ ಮಾರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ; ಎತ್ತರ ಸುಮಾರು 31 ಸೆಂಟಿಮೀಟರ್, ಅಗಲ 24. ರಾತ್ರಿಯ ಹೊತ್ತು; ದೀಪದ ಬೆಳಕಿನಲ್ಲಿ ಒಬ್ಬಳು ಹೊಲಿಯುತ್ತ ಕುಳಿತಿದ್ದಾಳೆ. ಒಬ್ಬ ಗಂಡಸು ಅವಳ ಭುಜದ ಮೇಲೆ ಕೈಯಿಟ್ಟು, ಬಗ್ಗಿ, ಇನ್ನೊಂದು ಅಂಗೈಯಲ್ಲಿ ನಾಣ್ಯಗಳನ್ನು ತೋರಿಸುತ್ತಿದ್ದಾನೆ. ಅವಳು ತಲೆಯೆತ್ತಿಲ್ಲ. ಸೂಜಿಯ ಮೇಲಿನ ಕಣ್ಣು ಸೂಜಿಯ ಮೇಲೆಯೇ ಇದೆ. ಇಂಥ ಪ್ರಸಂಗವನ್ನು ಆ ಕಾಲದ ಇತರ ಚಿತ್ರಕಾರರು ಎಷ್ಟೋ ಸಲ ಬರೆದರು. ಅವರ ಚಿತ್ರಗಳಲ್ಲಿ ಹೆಂಗಸು ಸಾಮಾನ್ಯವಾಗಿ ನಗುತ್ತ ಹಣಕ್ಕೆ ಕೈಯೊಡ್ಡುವಳು. ಜೂಡಿತ್ ಬರೆದವಳು ಕೆಲಸವನ್ನು ಬಿಡಲೊಲ್ಲದವಳು.

1636ನೆಯ ಜೂನ್ ತಿಂಗಳಲ್ಲಿ ಆಕೆ ಯಾನ್ ಮೋಲೆನಾರನೆಂಬ ಚಿತ್ರಕಾರನನ್ನು ಮದುವೆಯಾದಳು. ದಂಪತಿಗಳು ಆಮ್‌ಸ್ಟರ್‌ಡಾಮಿಗೆ ಹೋಗಿ ನೆಲಸಿದರು. ಐದು ಮಕ್ಕಳು ಹುಟ್ಟಿದರು. ಪ್ರಾಯಕ್ಕೆ ಬಂದವರು ಇಬ್ಬರೇ. ಮದುವೆಯಾದ ಮೇಲೆ ಆಕೆ ಬರೆದುವೆಂದು ತಿಳಿದಿರುವ ಚಿತ್ರಗಳು ಬಹಳ ಕಡಮೆ. 1643ರಲ್ಲಿ ಒಂದು ಪುಷ್ಪಸಂಪುಟಕ್ಕಾಗಿ ಬರೆದ ಟ್ಯೂಲಿಪ್ ಹೂಗಳು ಅವುಗಳಲ್ಲಿ ಸೇರಿವೆ. 1660ನೆಯ ಫೆಬ್ರವರಿಯಲ್ಲಿ, ಐವತ್ತು ವರ್ಷದ ಆಕೆಯನ್ನು ಹೇಮ್‌ಸ್ಟೇಡಿನಲ್ಲಿ ಮಣ್ಣು ಮಾಡಿದರು. ಆ ಮನೆಯ ಸ್ವತ್ತಿನ ಪಟ್ಟಿಯಲ್ಲಿ ಆಕೆಯ ಚಿತ್ರಗಳನ್ನು ‘ಮೋಲೆನಾರನ ಹೆಂಡತಿ’ ಬರೆದುವೆಂದು ನಮೂದಿಸಿದರು. ನಮ್ಮ ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿಯೂ ಗಂಡ ಮಾರಯ್ಯನ ಹೆಸರಿದೆಯಷ್ಟೆ. ಆದರೆ ಅದನ್ನು ಇಟ್ಟುಕೊಂಡವಳು ಲಕ್ಕಮ್ಮನೇ. ಇಲ್ಲಿ ಇಟ್ಟವರು ಬೇರೆಯವರು.

ಹೆಸರು ಹೀಗೆ ಮಸಳಿದ ಮೇಲೆ ಚಿತ್ರಗಳು ಯಾರ ಪಾಲಾದರೂ ಆಗಬಹುದಾಗಿತ್ತು. ಕೆಲವು ಗಂಡನವೆನಿಸಿಕೊಂಡುವು, ಹಲವು ಹಾಲ್ಸನವಾದುವು. ಶೈಲಿಯಲ್ಲಿ ಹೋಲಿಕೆಯಿದ್ದುದು ಒಂದು ಕಾರಣ. ಹಾಲ್ಸನ ಹೆಸರಿಗೆ ಹೆಚ್ಚು ಹಣ ಬರುತ್ತಿದ್ದುದು ಇನ್ನೊಂದು. ಕೊನೆಗೆ ಗುಟ್ಟು ಬಯಲಾದದ್ದೂ ಹಣದ ಜಗಳದಿಂದಲೇ. 1630ರಲ್ಲಿ ಬರೆದ, ಪಿಟೀಲು ಬಾರಿಸುವ ಗಂಡಸಿನೊಡನೆ ಮಧುಪಾತ್ರೆ ಹಿಡಿದು ಕುಳಿತ ಹೆಂಗಸಿನ ಚಿತ್ರವೊಂದು ಲಂಡನ್ನಿನಲ್ಲಿ ಹಾಲ್ಸನದೆಂದು 4,500 ಪೌಂಡುಗಳಿಗೆ ಮಾರಾಟವಾಗಿದ್ದಿತು. ಹಾಲ್ಸನ ಕೃತಕ ಅಂಕಿತದ ಅಡಿಯಲ್ಲಿ ನಕ್ಷತ್ರವುಳ್ಳ ಕೂಡಕ್ಷರ ಕಾಣಿಸಿತು. ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. 1893ರಲ್ಲಿ, ಬೆಲೆ ತಗ್ಗಿಸುವುದೆಂದು ರಾಜಿಯಾಯಿತು. ಚಿತ್ರದಲ್ಲಿ ಬಣ್ಣದ ಒಂದು ಕಣವೂ ಬದಲಾಗಿರಲಿಲ್ಲ. ನಿನ್ನೆ ಶ್ರೇಷ್ಠವೆನಿಸಿದ್ದು ಇಂದು ನಷ್ಟವೆನಿಸಿತು. ಅದೇ ವರ್ಷ ಹಾಫ್‌ಸ್ಟೇಡ್ ದ ಗ್ರೋಟ್ ಎಂಬ ಡಚ್ಚ ವಿದ್ವಾಂಸನು ಲೇಖನವೊಂದನ್ನು ಬರೆದು, ಏಳು ಚಿತ್ರಗಳು ಜೂಡಿತಳವೆಂದು ಸಾರಿದನು. ಆ ಚಿತ್ರವು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಬರೆದವಳ ಹೆಸರಿನಿಂದಲೇ ಇದೆ. ಆಕೆಯ ಸ್ವಂತ ಭಾವಚಿತ್ರವೂ ಬಹುಕಾಲ ಹಾಲ್ಸನದೆನಿಸಿಕೊಂಡಿದ್ದು, 1949ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯನ್ನು ಸೇರಿತು. ಅದರಲ್ಲಿ ಆಕೆ ಕುಂಚ ಹಿಡಿದು, ಬರೆಯುತ್ತಿದ್ದ ಕೆಲಸದಿಂದ ನಮ್ಮ ಕಡೆಗೆ ತಿರುಗಿ, ಏನನ್ನೋ ಹೇಳಲಿರುವವಳಂತೆ ತುಟಿ ಬಿರಿದಿದ್ದಾಳೆ.

ಒಂದು ಹೆಸರಿನ ಕೆಳಗೆ ಇನ್ನೊಂದು ವಸ್ತು ಅಡಗಿರುವುದು ಯಾವಾಗಲೂ ಅನ್ಯಾಯವೆಂದು ಹೇಳಲಾಗದು. ನಿಜಾಮರ ಆಳ್ವಿಕೆಯಲ್ಲಿ, ಔರಾದ ಸೀಮೆಯ ಕಮಲನಗರದಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಸ್ವಾಮಿಗಳಾದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದುದು ಈ ನಾಡಿಗೆಲ್ಲ ತಿಳಿದ ವಿಷಯ. ಅಲ್ಲಿ ಹೊರಗಿನ ಹೆಸರು ಒಳಗಿನದನ್ನು ಕಾಪಾಡುವುದಕ್ಕಾಗಿ ಇದ್ದಿತು. ಹಾಲ್ಸನ ಕೃತಕ ಅಂಕಿತವು ಒಳಗಿದ್ದವಳನ್ನು ಮಾರಿಕೊಳ್ಳುವುದಕ್ಕಾಗಿ ಇದ್ದಿತು.

ಇನ್ನು ನಮ್ಮ ಸಂಗತಿ. ಬೀದರಿನ ಬಿದರಿ ಕೆಲಸವನ್ನು ಜಗತ್ತಿನ ದೊಡ್ಡ ಸಂಗ್ರಹಾಲಯಗಳು ಕಾಯ್ದಿಟ್ಟಿವೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಿಂದ ಕಪ್ಪೇರಿಸುವ ಆ ಕೈಗಳು ಯಾರವೆಂಬುದನ್ನು ಹಳೆಯ ಹೂಜಿಗಳಲ್ಲಿ, ಹುಕ್ಕಾ ಬುಡಗಳಲ್ಲಿ ಹೆಚ್ಚಾಗಿ ಯಾರೂ ಕೆತ್ತಿಲ್ಲ. ನಮ್ಮ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೆಂಗಸರು ಹೊಲಿದ ಕೌದಿಗಳ ಮೇಲೆ ಹೆಸರು ಇರುವುದೇ ಇಲ್ಲ. ಜೂಡಿತ್ ಲೇಸ್ಟರಳಿಗೆ ಒಂದು ನಕ್ಷತ್ರವಾದರೂ ಇದ್ದಿತು. ಅದನ್ನು ಓದಬಲ್ಲವನೊಬ್ಬನು ಬಂದನು. ಇವರಿಗೆ ಅದೂ ಇಲ್ಲ. ಆದುದರಿಂದ ಮನೆಯಲ್ಲಿ ಇಂಥ ವಸ್ತುವೊಂದು ಇರುವವರು, ಅದನ್ನು ಮಾಡಿದವರು ಯಾರು, ಯಾವ ಊರಿನವರು, ಯಾವ ಕಾಲದಲ್ಲಿ ಮಾಡಿದರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು, ಆ ವಸ್ತುವಿನೊಡನೆಯೇ ಇಟ್ಟುಕೊಳ್ಳಬೇಕೆಂದು ಬಿನ್ನವಿಸಿಕೊಳ್ಳುತ್ತೇನೆ.